ಬುತ್ತಿ ಕಟ್ಟಿಕೊಂಡ ಕಡತ

ಇಂದು ಒಂದು ಕಚೇರಿ, ನಾಳೆ ಇನ್ನೊಂದು ಊರಿನ ಶಾಖೆ. ಹೀಗೆ ಓಡಾಡುವ ನೌಕರನ ಕಡತಗಳು ಎಲ್ಲಿರಬೇಕು?

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ರೂಪುಗೊಂಡ ‘ಆಂಡ್ರೂ’ ವ್ಯವಸ್ಥೆಯ ಉತ್ತರ ಸರಳ. ಮೂಲ ಕಡತ ಸರ್ವರ್‌ನಲ್ಲಿ. ನೀವು ಕುಳಿತ ಕಂಪ್ಯೂಟರಿಗೆ ಬರುವುದು ಅದರ ಪ್ರತಿ. ತಿದ್ದಿ ಮುಚ್ಚಿದರೆ ಹೊಸ ಪ್ರತಿ ಸರ್ವರ್‌ಗೆ ಮರಳುತ್ತದೆ.

ದಾರಿಯಲ್ಲಿ ಸಂಪರ್ಕವೇ ಇಲ್ಲದಿದ್ದರೆ? ಮದ್ರಾಸ್ ಐಐಟಿಯಲ್ಲಿ ಓದಿದ ಮಹದೇವ್ ಸತ್ಯನಾರಾಯಣನ್ ಅವರ ತಂಡ 1987ರಲ್ಲಿ ಅಲ್ಲೇ ‘ಕೋಡಾ’ ಆರಂಭಿಸಿತು. ಬೇಕಾದ ಕಡತಗಳನ್ನು ಅದು ಬುತ್ತಿಯಂತೆ ಲ್ಯಾಪ್‌ಟಾಪ್‌ನಲ್ಲಿ ಮೊದಲೇ ತುಂಬಿಡುತ್ತದೆ. ಸಂಪರ್ಕ ಸಿಕ್ಕೊಡನೆ ತಿದ್ದುಪಡಿಗಳನ್ನು ಸರ್ವರ್‌ಗೆ ಒಪ್ಪಿಸುತ್ತದೆ.

ಅಷ್ಟರಲ್ಲಿ ಅದೇ ಕಡತವನ್ನು ಬೇರೊಬ್ಬರೂ ತಿದ್ದಿದ್ದರೆ? ಯಾವುದು ಸರಿಯೆಂದು ಸಾಮಾನ್ಯವಾಗಿ ಮನುಷ್ಯರೇ ತೀರ್ಮಾನಿಸಬೇಕು. ವಿದ್ಯಾರ್ಥಿಗಳೇ, ನಾಲ್ವರು ಸೇರಿ ಪ್ರಾಜೆಕ್ಟ್ ಬರೆಯುವಾಗ ಮೂಲಪ್ರತಿ ಯಾವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ.