ದುರಸ್ತಿಯ ವೇಷದಲ್ಲಿ ಬರುವ ಇ-ಮೇಲ್ ವಂಚನೆ

ಬೆಂಗಳೂರು: ಭದ್ರತಾ ತಂತ್ರಾಂಶ ಸಂಸ್ಥೆ ಕ್ರೌಡ್‌ಸ್ಟ್ರೈಕ್ 2024ರ ಜುಲೈ 19ರಂದು ಬಿಡುಗಡೆ ಮಾಡಿದ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಯಂತ್ರಗಳು ಸ್ಥಗಿತಗೊಂಡವೆಂದು ಮೈಕ್ರೋಸಾಫ್ಟ್ ಅಂದಾಜಿಸಿತ್ತು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಕೆಲ ಸಂಸ್ಥೆಗಳು ಚೆಕ್-ಇನ್ ಪ್ರಕ್ರಿಯೆಯನ್ನು ಕೈಬರಹದಲ್ಲೇ ನಡೆಸಬೇಕಾಯಿತು. ಅಂದಿನ ಅವಾಂತರಕ್ಕೆ ಕಾರಣ ಪ್ರಮಾದವೇ ಹೊರತು ಯಾರ ದಾಳಿಯೂ ಆಗಿರಲಿಲ್ಲ. ಆದರೆ ವಂಚಕರಿಗೆ ಅಷ್ಟೇ ಸಾಕಾಯಿತು.

ಕೆಲವೇ ದಿನಗಳಲ್ಲಿ ಸಂಸ್ಥೆಯ ಹೆಸರನ್ನು ಹೋಲುವ ನಕಲಿ ತಾಣಗಳು ತಲೆಯೆತ್ತಿದವು. ಯಂತ್ರ ಸರಿಪಡಿಸುವ ಕೈಪಿಡಿ ಎಂಬ ಸೋಗಿನ ವರ್ಡ್ ಕಡತವೊಂದು ಹರಿದಾಡಿತು. ಅದರಲ್ಲಿದ್ದ ಬರಹ ಮೈಕ್ರೋಸಾಫ್ಟ್‌ನದೇ ಅಧಿಕೃತ ಸೂಚನೆಯ ಪ್ರತಿ; ಒಳಗಿದ್ದ ಮ್ಯಾಕ್ರೋ ಮಾತ್ರ ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಹಾಗೂ ಕುಕಿಗಳನ್ನು ಕದಿಯುವ ತಂತ್ರಾಂಶವನ್ನು ಇಳಿಸುತ್ತಿತ್ತು. ಕಾಗುಣಿತದ ತಪ್ಪು ಹುಡುಕಿ ನಕಲಿ ಪತ್ರ ಗುರುತಿಸುವ ಹಳೆಯ ಸಲಹೆ ಇಂಥಲ್ಲಿ ಕೈಕೊಡುತ್ತದೆ.

ತಂತ್ರವೇನೂ ಹೊಸದಲ್ಲ. 2003ರ ಸೆಪ್ಟೆಂಬರ್‌ನಲ್ಲಿ ಹರಡಿದ ಸ್ವೆನ್ ಎಂಬ ವರ್ಮ್, ಮೈಕ್ರೋಸಾಫ್ಟ್‌ನ ಭದ್ರತಾ ಪ್ಯಾಚ್ ಎಂಬ ಹೆಸರಿನಲ್ಲೇ ಅಂಚೆಪೆಟ್ಟಿಗೆ ಸೇರಿತ್ತು. ಪ್ಯಾಚ್‌ಗಳನ್ನು ಇ-ಮೇಲ್ ಲಗತ್ತಾಗಿ ಕಳುಹಿಸುವ ಪದ್ಧತಿ ತನ್ನಲ್ಲಿಲ್ಲ ಎಂದು ಕಂಪನಿ ಆಗಲೇ ಸಾರಿತ್ತು. ಎರಡು ದಶಕ ಕಳೆದರೂ ಅದೇ ಬಲೆಗೆ ಜನ ಬೀಳುತ್ತಿರುವುದಕ್ಕೆ ಅಜ್ಞಾನಕ್ಕಿಂತ ಗಾಬರಿಯೇ ಹೆಚ್ಚು ಕಾರಣವೆನ್ನಬೇಕು. ಕಚೇರಿಯ ಕೆಲಸ ನಿಂತಿರುವಾಗ ಪರಿಹಾರ ಹೊತ್ತು ಬಂದ ಪತ್ರವನ್ನು ಅನುಮಾನಿಸುವ ವ್ಯವಧಾನ ಯಾರಿಗಿರುತ್ತದೆ?

ಹಾಗಾಗಿ ನೋಡಬೇಕಾದುದು ಲಾಂಛನವನ್ನಲ್ಲ, ವಿಳಾಸವನ್ನು. ಡಾಟ್ ಕಾಂ ಎಂಬುದಕ್ಕೆ ತೀರಾ ಹಿಂದಿರುವ ಪದವೇ ತಾಣದ ನಿಜವಾದ ಹೆಸರು; ಅದಕ್ಕೂ ಮುಂಚೆ ಚುಕ್ಕೆಯಿಟ್ಟು ಯಾವ ಪ್ರಸಿದ್ಧ ಹೆಸರನ್ನಾದರೂ ಸೇರಿಸಬಹುದು. ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಷರಗಳನ್ನು ಒತ್ತಾಗಿ ಬರೆದರೆ ಎಂ ಅಕ್ಷರದಂತೆಯೇ ಕಾಣುತ್ತದೆ. ಮೊಬೈಲ್ ಪರದೆಯಲ್ಲಂತೂ ಈ ವ್ಯತ್ಯಾಸ ಪತ್ತೆಹಚ್ಚುವುದು ದುಸ್ತರ. ಪತ್ರದಲ್ಲಿನ ಕೊಂಡಿಯನ್ನು ಒತ್ತದೆ, ಕಂಪನಿಯ ತಾಣವನ್ನು ತಾವೇ ತೆರೆದು ಅಥವಾ ಗಣಕದ ಅಪ್‌ಡೇಟ್ ವಿಭಾಗಕ್ಕೆ ಹೋಗಿ ಪರಿಶೀಲಿಸುವುದು ಸುರಕ್ಷಿತ ಮಾರ್ಗ.

ಕ್ರೌಡ್‌ಸ್ಟ್ರೈಕ್ ಹೆಸರಿನ ವಂಚನೆಯ ಬಗ್ಗೆ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯೂ ಎಚ್ಚರಿಕೆ ನೀಡಿತ್ತು. ಲಗತ್ತನ್ನು ಈಗಾಗಲೇ ತೆರೆದವರು ಅಂತರ್ಜಾಲ ಸಂಪರ್ಕ ಕಡಿದು, ಬೇರೊಂದು ಯಂತ್ರದಿಂದ ಪಾಸ್‌ವರ್ಡ್ ಬದಲಿಸಬೇಕು; ತೆರೆದುಕೊಂಡಿರುವ ಎಲ್ಲ ಖಾತೆಗಳಿಂದಲೂ ಲಾಗ್‌ಔಟ್ ಆಗಬೇಕು. ಕುಕಿ ಕಳುವಾಗಿದ್ದರೆ ಪಾಸ್‌ವರ್ಡ್ ಬದಲಾವಣೆಯೊಂದೇ ಸಾಲದು. ಹಣ ಕಳೆದುಕೊಂಡವರು ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡಬಹುದು.