ತುಳಜಾಪುರದ ಹಾದಿಯಲ್ಲಿ ಒಂದು ಮುಕ್ಕಾಮು ಹೆಚ್ಚಿರಲಿ

ಸೀಗಿ ಹುಣ್ಣಿಮೆ ಸಮೀಪಿಸಿದಂತೆ ಬೀದರ್, ಕಲಬುರಗಿ ಸೀಮೆಯ ಹಳ್ಳಿಗಳಿಂದ ಜನ ಅಂಬಾಭವಾನಿಯ ದರ್ಶನಕ್ಕೆ ತುಳಜಾಪುರದತ್ತ ಹೆಜ್ಜೆ ಹಾಕುತ್ತಾರೆ. ನಿರ್ಣಾದ ಕಡೆಯಿಂದ ಹೊರಟವರು ಹುಮನಾಬಾದಿನಲ್ಲಿ ಹೆದ್ದಾರಿ ಹಿಡಿದರೆ ಮುಂದೆ ರಾಜೇಶ್ವರ, ಬಸವಕಲ್ಯಾಣ ಕ್ರಾಸ್, ಉಮರ್ಗಾ, ನಳದುರ್ಗ. ಹುಮನಾಬಾದಿನಿಂದಲೇ ಹಾದಿ ಸುಮಾರು 130 ಕಿ.ಮೀ.

ದಸರೆಗೆ ಬನ್ನಿ ಕೊಟ್ಟು ಹೊರಟರೆ ಹುಣ್ಣಿಮೆಗೆ ಉಳಿಯುವುದು ಐದೇ ದಿನ. ದಿನಕ್ಕೆ 26 ಕಿ.ಮೀ. ನಡೆದರೂ ಕೂತು ಸುಧಾರಿಸಿಕೊಳ್ಳಲು ಒಂದು ದಿನವೂ ಸಿಗುವುದಿಲ್ಲ. ಕಾಲು ಸೋತವರು ರಾತ್ರಿ ನಡೆದು ಆ ಕೊರತೆ ತುಂಬುತ್ತಾರೆ. ಅದೂ ಲಾರಿಗಳು ನುಗ್ಗುವ ಹೈದರಾಬಾದ್–ಸೊಲ್ಲಾಪುರ ರಸ್ತೆಯಲ್ಲಿ.

ಮಜಾ ಎಂದರೆ, ಭಕ್ತರು ಹೀಗೆ ಓಡುವ ದಿನಗಳಲ್ಲಿ ದೇವಿ ಮಲಗಿರುತ್ತಾಳೆ. ಮಹಿಷನೊಡನೆ ಕಾದಾಡಿ ದಣಿದವಳೆಂದು ದಸರೆಯ ಸೀಮೋಲ್ಲಂಘನ ಮುಗಿದೊಡನೆ ಮೂರ್ತಿಯನ್ನು ಮಂಚದ ಮೇಲೆ ಮಲಗಿಸುತ್ತಾರೆ. ಇದು ಶ್ರಮನಿದ್ರೆ, ಹುಣ್ಣಿಮೆಯವರೆಗೆ.

ವಿಶ್ರಾಂತಿ ತೆಗೆದುಕೊಂಡರೆ ಹರಕೆ ಕೆಡುತ್ತದೆ ಎನ್ನುವವರು ಪಂಢರಪುರದ ವಾರಿಯನ್ನು ನೋಡಬೇಕು. ಆಳಂದಿಯಿಂದ ಹೊರಡುವ ಜ್ಞಾನೇಶ್ವರರ ಪಲ್ಲಕ್ಕಿ ಪುಣೆಯಲ್ಲಿ ಎರಡು ರಾತ್ರಿ ತಂಗುತ್ತದೆ. ಮರುದಿನ ದಿವೆ ಘಾಟ್ ಹತ್ತಿ ಸಾಸವಡ ಸೇರಿದರೆ ಅಲ್ಲಿ ಮತ್ತೆ ಎರಡು ರಾತ್ರಿ. ಇಡೀ ಹಾದಿಯ ಕಠಿಣ ದಿನಗಳಲ್ಲೊಂದರ ಹಿಂದೂ ಮುಂದೂ ಬಿಡುವು. ಎಲ್ಲಿ ನಿಲ್ಲಬೇಕೆಂಬುದು ಯಾರ ಕಾಲು ಎಷ್ಟು ನೋಯುತ್ತದೆ ಎಂಬುದರ ಮೇಲೆ ನಿಂತಿಲ್ಲ. ಹೊರಡುವ ಮೊದಲೇ ಅದು ವೇಳಾಪಟ್ಟಿಯಲ್ಲಿರುತ್ತದೆ.

ತುಳಜಾಪುರದ ಪಾದಯಾತ್ರಿಗಳಿಗೂ ಬೇಕಿರುವುದು ಇದೇ ಪದ್ಧತಿ. ರೂಢಿಯಿಲ್ಲದ ನಡಿಗೆಯಿಂದ ಬರುವ ಮೈಕೈ ನೋವು ಮೊದಲ ದಿನ ಅಷ್ಟಾಗಿ ಕಾಣಿಸದು. ಎರಡನೆಯ, ಮೂರನೆಯ ದಿನ ಏರುತ್ತದೆ. ಬೊಬ್ಬೆ ಒಡೆದ ಮೇಲೆ ಕೂತರೆ ಒಂದು ದಿನದಲ್ಲಿ ಮಾಯುವುದಿಲ್ಲ; ಚರ್ಮ ಕೆಂಪಾಗಿ ಉರಿಯುವಾಗಲೇ ಕೂರಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರಿಗಂತೂ ಆ ಉರಿಯೂ ತಿಳಿಯದು. ಅವರು ಪ್ರತಿ ಮುಕ್ಕಾಮಿನಲ್ಲೂ ಅಂಗಾಲನ್ನು ಯಾರಿಗಾದರೂ ತೋರಿಸುವುದು ಲೇಸು.

ಹುಣ್ಣಿಮೆಯನ್ನು ಮುಂದೂಡಲಾಗದು, ಹೊರಡುವ ದಿನವನ್ನು ಹಿಂದೆ ಸರಿಸಬಹುದು. ನಿರ್ಣಾದಂಥ ದೂರದ ಊರಿನವರು ಅಷ್ಟಮಿಗೋ ಅದಕ್ಕೂ ಮೊದಲೋ ಹೊರಟರೆ ಎರಡು ದಿನ ಕೈಗೆ ಬರುತ್ತವೆ. ಊರಿನ ಬನ್ನಿ ತಪ್ಪುತ್ತದೆ, ನಿಜ. ಹೊಲದ ಕೆಲಸ ಬಿಟ್ಟು ಅಷ್ಟು ದಿನ ಹೊರಗಿರಲಾಗದವರೂ ಇದ್ದಾರೆ. ಅಂಥವರು ಬಸ್ಸಿನಲ್ಲಿ ಉಮರ್ಗಾದವರೆಗೆ ಹೋಗಿ ಅಲ್ಲಿಂದ ನಡೆದರೆ ಯಾರೂ ಕೊಂಕು ಆಡಬಾರದು.

ಸಿಕ್ಕ ದಿನಗಳಲ್ಲಿ ಒಂದನ್ನು ಉಮರ್ಗಾದಲ್ಲಿ, ನೋವು ಏರುವ ಹೊತ್ತಿಗೆ ಕಳೆಯುವುದು ಸರಿ. ಇನ್ನೊಂದು ನಳದುರ್ಗಕ್ಕೆ. ಅಲ್ಲಿಂದ ಬಾಲಾಘಾಟ್ ಗುಡ್ಡದ ಮೇಲಿನ ತುಳಜಾಪುರಕ್ಕೆ ಇನ್ನೂ 30 ಕಿ.ಮೀ.ಗೂ ಹೆಚ್ಚು ಹಾದಿಯಿದೆ. ಪೂರ್ತಿ ಮಲಗಿದರೆ ಕಾಲು ಬಿಗಿಯುತ್ತದೆ ಎನ್ನುವವರು ಬೆಳಿಗ್ಗೆ ಆರೆಂಟು ಕಿ.ಮೀ. ನಡೆದು ನಿಲ್ಲಲಿ. ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಬರುವವರ ಮಾತಿಗೆ ಆ ದಿನ ಹೆಚ್ಚು ಬೆಲೆ ಇರಲಿ. ಮುಂದೆ ಓಡುವ ಹುಡುಗರಿಗೆ ನಿಲ್ಲುವ ಅಗತ್ಯ ಗೊತ್ತಾಗುವುದಿಲ್ಲ.

ದಾಸೋಹ ನಡೆಸುವವರ ಪಾಲೂ ಇಲ್ಲಿದೆ. ದಾರಿಯಲ್ಲಿ ಚಹಾ, ಬಾಳೆಹಣ್ಣು, ಉಪ್ಪಿಟ್ಟು ಕೊಡುವ ಕೈಗಳಿಗೆ ಬರವಿಲ್ಲ. ಈ ವರ್ಷ ಇನ್ನೊಂದು ಚಹಾದ ಟೇಬಲ್ ಹಾಕುವ ಬದಲು ಉಮರ್ಗಾ, ನಳದುರ್ಗಗಳಲ್ಲಿ ಜಮಖಾನೆ ಹಾಸಿದ ನೆರಳಿನ ಟೆಂಟು, ಕಾಲು ತೊಳೆಯಲು ನೀರು, ಪಟ್ಟಿ ಕಟ್ಟಬಲ್ಲ ಒಬ್ಬ ನರ್ಸ್, ಇಷ್ಟನ್ನು ಹಗಲಿಡೀ ಇರಿಸುವ ಹೊಣೆ ಹೊರಲಿ.