ಪಹಣಿಯ ನಕಲು ಯಾವ ದಿನದ್ದು?

2000ದಲ್ಲಿ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರ್ ಸೇರಿತು. ಯಂತ್ರ ಕೆಟ್ಟರೆ? ಎತ್ತಿಟ್ಟ ನಕಲನ್ನು ಮತ್ತೆ ತುಂಬುತ್ತಾರಂತೆ. ಸರಿ ಸ್ವಾಮಿ, ಆದರೆ ನಕಲು ಭಾನುವಾರದ್ದಾಗಿ, ಯಂತ್ರ ಬುಧವಾರ ಕೆಟ್ಟರೆ? ಸೋಮವಾರ ಖಾತೆ ಬದಲಾದ ಜಮೀನಿಗೆ ಮಾರಿದವನ ಹೆಸರೇ ವಾಪಸ್ಸು! ಹೋದ ವಾರದ ಲೆಕ್ಕದ ಪುಸ್ತಕ ಹಿಡಿದು ಇವತ್ತಿನ ಬಾಕಿ ಕೇಳಿದ ಹಾಗೆ.

ದಿನದಿನದ ಬದಲಾವಣೆಯ ದಿನಚರಿ ಬೇರೆ ಕಡೆ ಉಳಿದಿದ್ದರೆ ಆ ಮೂರು ದಿನವನ್ನೂ ಮತ್ತೆ ಏರಿಸಬಹುದು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯಲ್ಲಿ ಗುಂಟೆ ಜಾಗಕ್ಕೂ ಪೈಪೋಟಿ. ಮೂರು ದಿನ ಸಣ್ಣದಲ್ಲ.

ನಕಲು ತುಂಬಿದಾಗಲೆಲ್ಲ ಅದು ಯಾವ ದಿನದ್ದು, ನಡುವಿನದು ಏರಿತೇ ಎಂದು ತಾಲ್ಲೂಕು ಕಚೇರಿಯ ಬೋರ್ಡಿನಲ್ಲಿ ಹಾಕಲಿ. ಖಾತೆ ಮಾಡಿಸಿದವರು ಪಹಣಿ, ಎಂ.ಆರ್. ಪ್ರತಿಯನ್ನು ಮನೆಯಲ್ಲಿ ಜೋಪಾನವಾಗಿಡಿ.